ಹಂಗಿಲ್ಲದ ಕಾಗದ

ಡೆನ್ಮಾರ್ಕಿನಲ್ಲಿ ಪೋಸ್ಟ್‌ನಾರ್ಡ್ ಸಂಸ್ಥೆ 2025ರ ಡಿಸೆಂಬರ್ ಕೊನೆಗೆ ಪತ್ರಗಳ ಬಟವಾಡೆಯನ್ನು ನಿಲ್ಲಿಸಿತು. 1624ರಲ್ಲಿ ಶುರುವಾಗಿದ್ದ ಸರ್ಕಾರಿ ಅಂಚೆಯ ಪತ್ರ ಹಂಚುವ ಕೆಲಸ ಅಲ್ಲಿಗೆ ಮುಗಿಯಿತು. ಕಾಗದ ಬರೆಯುವವರು ಇನ್ನು ಖಾಸಗಿಯವರನ್ನು ನೆಚ್ಚಬೇಕು. ನಮ್ಮಲ್ಲಿ 2013ರ ಜುಲೈನಲ್ಲಿ ಟೆಲಿಗ್ರಾಂ ಹೋಯಿತು, 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನೊಳಗೆ ಸೇರಿಕೊಂಡಿತು. ಇಂಥ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ಬಗೆಯ ಲೇಖನಗಳು ಕಾಣಿಸಿಕೊಳ್ಳುತ್ತವೆ: ದುಂಡಗಿನ ಕೈಬರಹ, ಇನ್‌ಲ್ಯಾಂಡ್ ಲೆಟರಿನ ನೀಲಿ ಬಣ್ಣ, ಅಂಚೆಯಣ್ಣನ ಸೈಕಲ್ ಗಂಟೆ. ಈ ಹಳಹಳಿಕೆಯಲ್ಲಿ ಪ್ರೀತಿ ಇದೆ, ಒಪ್ಪೋಣ. ಆದರೆ ಅದು ಕಾಗದದ ಶಕ್ತಿಯನ್ನು ಅದರ ರೂಪದಲ್ಲಿ ಹುಡುಕುತ್ತದೆ. ಕಾಗದವೊಂದು ನೊಂದ ಮನಸ್ಸನ್ನು ಹಿಡಿದು ನಿಲ್ಲಿಸಬಲ್ಲದು ಎನ್ನುವುದಕ್ಕೆ ನಮಗಿರುವ ಬಹು ಗಟ್ಟಿಯಾದ ಸಾಕ್ಷ್ಯ ಬಂದಿರುವುದು ಕೈಬರಹದ ಪ್ರೇಮಪತ್ರಗಳಿಂದಲ್ಲ, ಟೈಪ್ ಯಂತ್ರದಲ್ಲಿ ಹೊಡೆದ ಎರಡು ವಾಕ್ಯದ ಪತ್ರಗಳಿಂದ. ಬರೆದವರು ಪಡೆದವರ ಬಂಧುಗಳೂ ಆಗಿರಲಿಲ್ಲ, ಸ್ನೇಹಿತರೂ ಆಗಿರಲಿಲ್ಲ. ಹಾಗಾದರೆ ಕಾಗದದಲ್ಲಿ ಕೆಲಸ ಮಾಡುವುದು ಯಾವುದು ಎಂಬ ಪ್ರಶ್ನೆಯನ್ನು ಬೇರೆ ಕಡೆಯಿಂದ ಕೇಳಬೇಕಾಗುತ್ತದೆ.

ಜೆರೋಮ್ ಮೊಟ್ಟೊ ಎಂಬ ಮನೋವೈದ್ಯರು 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಪ್ರಯೋಗ ಆರಂಭಿಸಿದರು. ಖಿನ್ನತೆಯಿಂದಲೋ ಆತ್ಮಹತ್ಯೆಯ ಯೋಚನೆಯಿಂದಲೋ ಆಸ್ಪತ್ರೆ ಸೇರಿದ್ದ 3,005 ಮಂದಿಯನ್ನು ಅವರ ತಂಡ ಗುರುತಿಸಿತು. ಬಿಡುಗಡೆಯಾದ ಮೇಲೆ ಇವರಲ್ಲಿ 843 ಮಂದಿ ಮುಂದಿನ ಚಿಕಿತ್ಸೆಗೆ ಬರಲಿಲ್ಲ, ಇಲ್ಲವೇ ಬಂದು ನಡುವೆಯೇ ಬಿಟ್ಟರು. ವೈದ್ಯಲೋಕಕ್ಕೆ ಇವರು ಕೈಗೆ ಸಿಗದವರು. ಮೊಟ್ಟೊ ಅವರಿಗೆ ಬೇಕಾಗಿದ್ದದ್ದೂ ಇವರೇ. ಚೀಟಿ ಎತ್ತಿದ ಹಾಗೆ ಇವರನ್ನು ಎರಡು ಗುಂಪು ಮಾಡಿ, 389 ಮಂದಿಗೆ ಕಾಗದ ಬರೆಯುವುದು, ಉಳಿದ 454 ಮಂದಿಗೆ ಏನೂ ಬರೆಯದಿರುವುದು ಎಂದು ಗೊತ್ತುಮಾಡಿದರು. ಮೊದಲ ನಾಲ್ಕು ತಿಂಗಳು ತಿಂಗಳಿಗೊಂದು, ಮುಂದಿನ ಎಂಟು ತಿಂಗಳು ಎರಡು ತಿಂಗಳಿಗೊಂದು, ಆಮೇಲೆ ನಾಲ್ಕು ವರ್ಷ ಮೂರು ತಿಂಗಳಿಗೊಂದು; ಐದು ವರ್ಷಕ್ಕೆ ಒಟ್ಟು 24 ಕಾಗದ. ಆಸ್ಪತ್ರೆಯಲ್ಲಿ ಆ ರೋಗಿಯ ಜೊತೆ ಕೂತು ಮಾತಾಡಿದ್ದ ಸಿಬ್ಬಂದಿಯೇ ಅದನ್ನು ಬರೆಯಬೇಕು. ನೀವು ಇಲ್ಲಿಂದ ಹೋಗಿ ಕೆಲವು ದಿನವಾಯಿತು, ಎಲ್ಲ ಚೆನ್ನಾಗಿದೆ ಎಂದುಕೊಂಡಿದ್ದೇವೆ, ಬರೆಯಬೇಕೆನಿಸಿದರೆ ಎರಡು ಸಾಲು ಬರೆಯಿರಿ, ನಮಗೆ ಸಂತೋಷ ಎಂಬಷ್ಟೇ ಅದರ ತಾತ್ಪರ್ಯ. ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂಬ ವಿಚಾರಣೆ ಇಲ್ಲ, ಮತ್ತೆ ತೋರಿಸಿಕೊಳ್ಳಲು ಬನ್ನಿ ಎಂಬ ತಾಕೀತಿಲ್ಲ, ತುಂಬಿ ಕಳಿಸಬೇಕಾದ ನಮೂನೆಯಿಲ್ಲ. ಸಂಸ್ಥೆಯ ವಿಳಾಸ ಬರೆದ ಒಂದು ಲಕೋಟೆ ಜೊತೆಗಿರುತ್ತಿತ್ತು, ಆದರೆ ಅದಕ್ಕೆ ಅಂಚೆ ಚೀಟಿ ಹಚ್ಚಿರುತ್ತಿರಲಿಲ್ಲ.

ಮೊಟ್ಟೊ ಮತ್ತು ಸಂಖ್ಯಾಶಾಸ್ತ್ರಜ್ಞ ಅಲನ್ ಬೋಸ್ಟ್ರಮ್ ಸೇರಿ ಪೂರ್ಣ ಫಲಿತಾಂಶವನ್ನು 2001ರಲ್ಲಿ ಪ್ರಕಟಿಸಿದರು. ಮೊದಲ ಎರಡು ವರ್ಷಗಳಲ್ಲಿ ಕಾಗದ ಬರದ ಗುಂಪಿನ ಆತ್ಮಹತ್ಯೆಯ ಪ್ರಮಾಣ ಕಾಗದ ಬಂದ ಗುಂಪಿನ ಹೆಚ್ಚುಕಡಿಮೆ ಎರಡರಷ್ಟಿತ್ತು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ತಿಂಗಳುಗಳೇ ಇಂಥವರಿಗೆ ಹೆಚ್ಚು ಅಪಾಯದ ಕಾಲ ಎಂದು ಮನೋವೈದ್ಯರೆಲ್ಲ ಬಲ್ಲರು; ಕಾಗದ ಆಸರೆಯಾದದ್ದು ಅದೇ ಕಾಲದಲ್ಲಿ. ಬರಬರುತ್ತ ಎರಡು ಗುಂಪುಗಳ ಅಂತರ ಕಿರಿದಾಯಿತು, ಹದಿನಾಲ್ಕನೇ ವರ್ಷದ ಹೊತ್ತಿಗೆ ಇಲ್ಲವೇ ಆಯಿತು. ಇದನ್ನು ಕೆಲವರು ಸೋಲೆಂದು ಓದುತ್ತಾರೆ. ಐದು ವರ್ಷ ಬರೆದು ನಿಲ್ಲಿಸಿದ ಕಾಗದ ಹದಿನಾಲ್ಕು ವರ್ಷ ಕಾಯಬೇಕೆಂದು ಯಾಕೆ ನಿರೀಕ್ಷಿಸಬೇಕೋ ನನಗೆ ತಿಳಿಯದು. ಮಾತ್ರೆ ನಿಲ್ಲಿಸಿದ ಮೇಲೆ ರಕ್ತದೊತ್ತಡ ಏರಿದರೆ ಮಾತ್ರೆಯನ್ನು ಯಾರೂ ದೂರುವುದಿಲ್ಲ. ಪಡೆದವರಲ್ಲಿ ಕೆಲವರು ಮರುತ್ತರ ಬರೆದರು. ಒಬ್ಬರಂತೂ ಒರಟು ಬೈಗುಳ ಬೆರೆಸಿಯೇ, ಇಷ್ಟೊಂದು ಪಟ್ಟು ಹಿಡಿದವರನ್ನು ನಾನು ಕಂಡಿಲ್ಲ, ನಿಮಗೆ ನನ್ನ ಬಗ್ಗೆ ನಿಜಕ್ಕೂ ಕಾಳಜಿಯಿರಬೇಕು ಎಂಬರ್ಥದಲ್ಲಿ ಬರೆದರು. ಮೊಟ್ಟೊಗೆ ಈ ಯೋಚನೆ ಹೊಳೆದದ್ದು ಪುಸ್ತಕದಿಂದಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನಲ್ಲಿ ಸೈನ್ಯದ ಕೆಲಸದಲ್ಲಿದ್ದಾಗ ಒಬ್ಬ ತರುಣಿ ಅವರಿಗೆ ಬಿಡದೆ ಕಾಗದ ಬರೆಯುತ್ತಿದ್ದಳು. ಆ ಕಾಗದಗಳು ಅವರಿಂದ ಏನನ್ನೂ ಬೇಡುತ್ತಿರಲಿಲ್ಲ.

ಆ ಬೇಡದಿರುವಿಕೆಯಲ್ಲೇ ಇಡೀ ವಿಷಯದ ಕೀಲಿದೆ ಎಂಬುದು ನನ್ನ ವಾದ. ಮನಸ್ಸು ಕುಸಿದವರ ಸುತ್ತ ಸಾಮಾನ್ಯವಾಗಿ ಬೇಡಿಕೆಗಳೇ ಇರುತ್ತವೆ. ಮನೆಯವರು ಧೈರ್ಯ ತಂದುಕೋ ಎನ್ನುತ್ತಾರೆ, ಅದೊಂದು ಬೇಡಿಕೆ. ವೈದ್ಯರು ಮುಂದಿನ ವಾರ ಬಾ ಎನ್ನುತ್ತಾರೆ. ಗೆಳೆಯರು ಫೋನ್ ಮಾಡಿ ಹೇಗಿದ್ದೀಯಾ ಎಂದಾಗ ಚೆನ್ನಾಗಿದ್ದೇನೆ ಎಂದು ಹೇಳಬೇಕಾದ ಕೆಲಸವೂ ರೋಗಿಯ ತಲೆಗೇ ಬೀಳುತ್ತದೆ. ಇವೆಲ್ಲ ಕಾಳಜಿಯಿಂದಲೇ ಬಂದವು. ಆದರೂ ಪ್ರತಿಯೊಂದೂ ಒಂದು ಹಂಗು. ತನ್ನಿಂದ ಎಲ್ಲರಿಗೂ ತೊಂದರೆ ಎಂಬ ಭಾವನೆಯಲ್ಲಿ ಮುಳುಗಿರುವವರಿಗೆ ಈ ಹಂಗಿನ ಲೆಕ್ಕ ಬೆಳೆಯುತ್ತ ಹೋದಷ್ಟೂ ಆ ಭಾವನೆಯೇ ಗಟ್ಟಿಯಾಗುತ್ತದೆ. ಮೊಟ್ಟೊ ಅವರ ಕಾಗದ ಆ ಲೆಕ್ಕದ ಹೊರಗೆ ನಿಂತಿತು. ಲಕೋಟೆಗೆ ಚೀಟಿ ಹಚ್ಚಿದ್ದರೆ, ಅಯ್ಯೋ ಹಾಳಾಗುತ್ತದಲ್ಲ, ಬರೆಯಬೇಕಲ್ಲ ಎಂದು ಅನಿಸುತ್ತಿತ್ತು. ಹಚ್ಚದ ಲಕೋಟೆ ಬಾಗಿಲು ತೆರೆದಿಟ್ಟು, ಒಳಗೆ ಬಾ ಎಂದು ಕೈಹಿಡಿದು ಎಳೆಯದೆ ಸುಮ್ಮನಿದ್ದಿತು. ಉತ್ತರ ಬರದಿದ್ದರೂ ಮೂರು ತಿಂಗಳಿಗೆ ಇನ್ನೊಂದು ಕಾಗದ ಬರುತ್ತಿತ್ತು. ಒಬ್ಬ ಮನುಷ್ಯನಿಗೆ, ನೀನು ಉತ್ತರಿಸಲಿಲ್ಲ, ಆದರೂ ನೆನಪಿನಲ್ಲಿದ್ದೀಯೆ ಎಂದು ಹೇಳಬೇಕಾದರೆ ಹೀಗಲ್ಲದೆ ಬೇರೆ ದಾರಿಗಳು ಕಡಿಮೆ.

ಒಂದು ಪ್ರಯೋಗದ ಮೇಲೆ ಇಷ್ಟು ಭಾರ ಹೊರಿಸಬಾರದು ಎಂಬ ಮಾತು ನ್ಯಾಯವೇ. ಅದೃಷ್ಟವಶಾತ್ ಬೇರೆಯವರೂ ಪರೀಕ್ಷೆ ಮಾಡಿದ್ದಾರೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಗ್ರೆಗರಿ ಕಾರ್ಟರ್ ಮತ್ತು ಅವರ ಸಹೋದ್ಯೋಗಿಗಳು ವಿಷ ಸೇವಿಸಿ ಆಸ್ಪತ್ರೆಗೆ ಬಂದಿದ್ದ 772 ಮಂದಿಯನ್ನು ತೆಗೆದುಕೊಂಡು, ಅರ್ಧದಷ್ಟು ಜನರಿಗೆ ಒಂದು ವರ್ಷದಲ್ಲಿ ಎಂಟು ಪೋಸ್ಟ್‌ಕಾರ್ಡ್ ಕಳಿಸಿದರು, ಮುಚ್ಚಿದ ಲಕೋಟೆಯಲ್ಲಿಟ್ಟು. 2005ರಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯಕರವಾಗಿದೆ. ಮತ್ತೊಮ್ಮೆ ವಿಷ ಸೇವಿಸಿದವರ ಸಂಖ್ಯೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಅಂಥ ಘಟನೆಗಳ ಒಟ್ಟು ಸಂಖ್ಯೆ ಕಾರ್ಡು ಹೋಗದ ಗುಂಪಿನಲ್ಲಿ 192, ಹೋದ ಗುಂಪಿನಲ್ಲಿ 101. ಅಂದರೆ ಕಾರ್ಡು ಎಲ್ಲರನ್ನೂ ತಡೆಯಲಿಲ್ಲ. ಪದೇ ಪದೇ ಅದೇ ಅಂಚಿಗೆ ಬರುತ್ತಿದ್ದವರ ಬರುವಿಕೆಯನ್ನು ಕಡಿಮೆ ಮಾಡಿತು. ಇರಾನಿನ ತೆಹರಾನಿನಲ್ಲಿ 2,300 ಮಂದಿಯ ಮೇಲೆ ಇದೇ ಮಾದರಿಯ ಪ್ರಯೋಗ ನಡೆದು 2011ರಲ್ಲಿ ಪ್ರಕಟವಾಯಿತು. ಅಲ್ಲಿ ಆತ್ಮಹತ್ಯೆಯ ಯೋಚನೆಯೂ ಪ್ರಯತ್ನವೂ ಕಡಿಮೆಯಾದವು. ನಮ್ಮ ದೃಷ್ಟಿಯಿಂದ ತೆಹರಾನಿನ ಫಲಿತಾಂಶಕ್ಕೆ ಹೆಚ್ಚು ಬೆಲೆ. ಕೂಡು ಕುಟುಂಬದ ನೆರಳು ಇನ್ನೂ ಇರುವ, ಮನೋರೋಗದ ಮಾತೆತ್ತಿದರೆ ತಲೆ ತಗ್ಗಿಸುವ ಸಮಾಜದಲ್ಲೂ ಅಪರಿಚಿತರ ಕಾರ್ಡೊಂದು ಕೆಲಸ ಮಾಡಬಲ್ಲದು, ಇದು ಒಂಟಿತನದ ಪಶ್ಚಿಮಕ್ಕೆ ಮಾತ್ರ ಹೇಳಿಮಾಡಿಸಿದ ಉಪಾಯವಲ್ಲ ಎಂದು ಅದು ತೋರಿಸಿತು.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ವರ್ಷಕ್ಕೆ ಆರು ಕಾರ್ಡು ಕಳಿಸಿದ ಪ್ರಯೋಗ ನಡೆಯಿತು. ರೋಗಿಗಳ ಹಿಂದಿನ ಇತಿಹಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅಲ್ಲಿ ಯಾವ ಪರಿಣಾಮವೂ ಉಳಿಯಲಿಲ್ಲ. ಅಮೆರಿಕದ ಸೈನಿಕರಿಗೆ ಕಾಗದದ ಬದಲು ಮೊಬೈಲ್ ಸಂದೇಶ ಕಳಿಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಮುಖ್ಯವಾಗಿ ಅಳೆಯಬೇಕೆಂದು ಮೊದಲೇ ಗೊತ್ತುಮಾಡಿದ್ದ ಅಂಶಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಆ ವರ್ಷದ ಪ್ರಯತ್ನಗಳು ಮಾತ್ರ ಸಂದೇಶ ಪಡೆದವರಲ್ಲಿ ಕಡಿಮೆಯಿದ್ದವು. ಆದ್ದರಿಂದ ಕಾಗದ ಬರೆದರೆ ಜೀವ ಉಳಿಯುತ್ತದೆ ಎಂದು ಘೋಷಣೆ ಕೂಗುವುದು ತಪ್ಪು. ಆರೋಗ್ಯ ಸೇವೆ ಚೆನ್ನಾಗಿ ಕೈಗೆಟಕುವ ಕಡೆ ಕಾಗದದಿಂದ ಆಗುವ ಹೆಚ್ಚುವರಿ ಲಾಭ ಕಡಿಮೆಯಿರಬಹುದು ಎಂಬುದು ನನ್ನ ಊಹೆ. ಮೊಟ್ಟೊ ಅವರ ಕಾಗದಗಳು ಹೋದದ್ದು ಬೇರೆ ಯಾವ ಆಸರೆಯನ್ನೂ ಬೇಡವೆಂದವರಿಗೆ ಎನ್ನುವುದನ್ನು ಮರೆಯಬಾರದು. ಇಷ್ಟಾದರೂ ಅಮೆರಿಕದ ಮಾಜಿ ಸೈನಿಕರ ಇಲಾಖೆ 2020ರಿಂದ ತನ್ನ ಸಹಾಯವಾಣಿಗೆ ಕರೆ ಮಾಡಿದವರಿಗೆ ಇಂಥ ಕಾಗದಗಳನ್ನು ಕಳಿಸತೊಡಗಿದೆ. ಖರ್ಚು ಅತ್ಯಲ್ಪ, ಹಾನಿಯ ಸುಳಿವಿಲ್ಲ, ಲಾಭದ ಸಾಧ್ಯತೆ ಇದೆ ಎಂದಾಗ ಸರ್ಕಾರಗಳು ಹೂಡಬಹುದಾದ ಪಣ ಇದು.

ಕಾಗದವೇ ಯಾಕೆ, ಯಾರಾದರೂ ವಿಚಾರಿಸಿಕೊಂಡರೆ ಸಾಲದೇ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಐದು ಊರುಗಳಲ್ಲಿ, ಅದರಲ್ಲಿ ನಮ್ಮ ಚೆನ್ನೈಯೂ ಒಂದು, ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದ 1,867 ಮಂದಿಯ ಮೇಲೆ ಅಧ್ಯಯನ ನಡೆಸಿತು. ಅರ್ಧದಷ್ಟು ಮಂದಿಗೆ ಸುಮಾರು ಒಂದು ಗಂಟೆಯ ಆಪ್ತಸಮಾಲೋಚನೆ, ನಂತರದ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. 2008ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಆ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ 0.2, ಮಾಮೂಲು ಚಿಕಿತ್ಸೆ ಮಾತ್ರ ಪಡೆದ ಗುಂಪಿನಲ್ಲಿ ಶೇ 2.2. ಇಲ್ಲಿ ಒಂದೂ ಕಾಗದವಿಲ್ಲ. ಆದ್ದರಿಂದ ಗುಣ ಕಾಗದದ್ದಲ್ಲ, ಮರೆಯದೆ ವಿಚಾರಿಸಿಕೊಳ್ಳುವುದರದ್ದು ಎಂದರೆ ನಾನು ಒಪ್ಪುತ್ತೇನೆ. ಕಾಗದ ಹೋಗಲಾರದ ಕಡೆ ಆಶಾ ಕಾರ್ಯಕರ್ತೆ ಹೋಗಲಿ, ಫೋನು ಹೋಗಲಿ. ಆದರೆ ಚೆನ್ನೈ ಮಾದರಿಗೆ ಬಾಗಿಲು ತೆರೆಯುವ, ಫೋನ್ ಎತ್ತುವ ರೋಗಿ ಬೇಕು. ಬಾಗಿಲು ತೆರೆಯದವರು, ಆಸ್ಪತ್ರೆಯ ನಂಬರ್ ಕಂಡರೆ ಕರೆ ಕತ್ತರಿಸುವವರು ಯಾವ ಊರಿನಲ್ಲೂ ಇರುತ್ತಾರೆ. ಅಂಥವರನ್ನು ಮುಟ್ಟಲು ಕಾಗದಕ್ಕಿರುವ ಅನುಕೂಲ ಬೇರೆ ಯಾವುದಕ್ಕೂ ಇಲ್ಲ. ಅದು ಬಂದ ಕ್ಷಣದಲ್ಲೇ ಗಮನ ಬೇಡುವುದಿಲ್ಲ. ಒಡೆಯದೆ ಗೂಡಿನಲ್ಲಿಟ್ಟರೂ ಕೋಪಿಸಿಕೊಳ್ಳುವುದಿಲ್ಲ. ನಡುರಾತ್ರಿ ಮನಸ್ಸು ಕೆಟ್ಟಾಗ, ಯಾರಿಗೂ ಫೋನ್ ಮಾಡುವ ಹಾಗಿಲ್ಲದ ಹೊತ್ತಿನಲ್ಲಿ, ತೆಗೆದು ಓದಬಹುದು. ಮಾರನೆಯ ವಾರ ಮತ್ತೆ ಓದಬಹುದು.

ವಾಟ್ಸಾಪ್ ಸಂದೇಶವನ್ನೂ ಮತ್ತೆ ಓದಬಹುದಲ್ಲ ಎಂದು ಕೇಳಬಹುದು. ಓದಬಹುದು, ನಿಜ. ದೂರದ ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರುವ ಮಕ್ಕಳ ಮುಖವನ್ನು ದಿನಾ ಸಂಜೆ ತೋರಿಸುವ ಯಂತ್ರವನ್ನು ಹಳಿಯುವುದು ಕೃತಘ್ನತೆಯಾದೀತು. ಹಿಂದೆ ಅದೇ ತಾಯಂದಿರು ಮೂರು ವಾರ ಕಾದು ಒಂದು ಏರೋಗ್ರಾಂ ನೋಡುತ್ತಿದ್ದರು. ತೊಂದರೆ ಇರುವುದು ಬೇರೆ ಕಡೆ. ಮೊಬೈಲ್ ಸಂದೇಶದ ಏರ್ಪಾಡಿನಲ್ಲೇ ಮರುತ್ತರದ ಒತ್ತಡವನ್ನು ಕಟ್ಟಿಟ್ಟಿದ್ದಾರೆ. ಓದಿದೆ ಎಂಬುದಕ್ಕೆ ನೀಲಿ ಗುರುತು, ಕೊನೆಯ ಸಲ ಯಾವಾಗ ಆನ್‌ಲೈನ್ ಇದ್ದೆ ಎಂಬುದಕ್ಕೆ ಗಂಟೆ ನಿಮಿಷದ ಲೆಕ್ಕ, ಬರೆಯುತ್ತಿದ್ದೇನೆ ಎಂಬುದಕ್ಕೂ ಒಂದು ಸೂಚನೆ. ನೋಡಿ ಉತ್ತರಿಸಲಿಲ್ಲ ಎಂಬುದು ಈಗ ಸಂಬಂಧಗಳಲ್ಲಿ ದಾಖಲಾಗುವ ಅಪರಾಧ. ಸಂದೇಶ ಕಳಿಸಿದವನಿಗೆ ಏನೂ ಖರ್ಚಾಗಿಲ್ಲ ಎಂದು ಪಡೆದವನಿಗೆ ಗೊತ್ತು. ಹಬ್ಬದ ದಿನ ಒಂದೇ ಚಿತ್ರ ಇನ್ನೂರು ಜನಕ್ಕೆ ಹೋಗುತ್ತದೆ ಎಂಬುದೂ ಗೊತ್ತು. ಹೀಗೆ ಕೊಟ್ಟದ್ದು ಕಡಿಮೆ, ಕೇಳುವುದು ಹೆಚ್ಚು. ಕಾಗದದಲ್ಲಿ ಇದು ತಿರುಗುಮುರುಗು: ಕೂತು ಬರೆದು, ವಿಳಾಸ ಹುಡುಕಿ, ಡಬ್ಬಿಗೆ ಹಾಕಿದವನ ಶ್ರಮ ಕಣ್ಣಿಗೆ ಕಾಣುತ್ತದೆ, ಅವನಿಗೆ ಅದು ತಲುಪಿತೋ ಇಲ್ಲವೋ ಎಂಬುದೂ ಗೊತ್ತಾಗುವುದಿಲ್ಲ. ತಂತ್ರಜ್ಞಾನಕ್ಕೆ ಇದು ಅಸಾಧ್ಯವೇನಲ್ಲ. ನೀಲಿ ಗುರುತನ್ನು ಆರಿಸಿ, ಉತ್ತರ ಬೇಡ, ನೆನಪಾಯಿತು ಅಷ್ಟೇ ಎಂದು ಬರೆದ ಸಂದೇಶ ಕಾಗದದ ಕೆಲಸವನ್ನೇ ಮಾಡೀತು. ನನ್ನ ಪಕ್ಷಪಾತ ಕಾಗದದ ಕಡೆಗಲ್ಲ, ಅದು ಕೊಡುತ್ತಿದ್ದ ಬಿಡುವಿನ ಕಡೆಗೆ.

ಇಲ್ಲಿಯವರೆಗೆ ಪಡೆಯುವವರ ಮಾತಾಯಿತು. ಬರೆಯುವವರ ಕಡೆಯಿಂದ ನೋಡಿದರೆ ಪುರಾವೆ ಬೇರೆ ಬಣ್ಣದ್ದು. ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 46 ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆದರು. ಬದುಕಿನ ಅತಿ ನೋವಿನ ಘಟನೆಯನ್ನೂ ಆಗಿನ ಭಾವನೆಗಳನ್ನೂ ಸೇರಿಸಿ ಬರೆದವರು ಬರೆದ ದಿನ ಇನ್ನಷ್ಟು ಕುಗ್ಗಿದರು. ಆದರೆ ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲೆ ಇಂಥ ಅಧ್ಯಯನಗಳ ಸಾಲೇ ಬಂತು. ಅಂಥ 146 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ 2006ರ ವಿಶ್ಲೇಷಣೆ, ಲಾಭವಿದೆ, ಆದರೆ ಅದು ಸಣ್ಣದು ಎಂದಿತು. ಮಾರ್ಟಿನ್ ಸೆಲಿಗ್‌ಮನ್ ತಂಡ 2005ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಸರಿಯಾಗಿ ಧನ್ಯವಾದ ಹೇಳಿರದ ಉಪಕಾರಿಯೊಬ್ಬರಿಗೆ ಪತ್ರ ಬರೆದು ಖುದ್ದಾಗಿ ತಲುಪಿಸಿದವರ ಮನಸ್ಸು ಬಹಳ ಹಗುರವಾಯಿತು. ಆ ಹಗುರ ಒಂದು ತಿಂಗಳು ಉಳಿಯಿತು, ಮೂರು ತಿಂಗಳ ಹೊತ್ತಿಗೆ ಕರಗಿತು. ಬರವಣಿಗೆಯೇ ಚಿಕಿತ್ಸೆ ಎಂದು ಕಾರ್ಯಾಗಾರ ನಡೆಸುವವರು ಈ ಅಂಕಿಗಳನ್ನು ಸ್ವಲ್ಪ ಗಟ್ಟಿಯಾಗಿ ಓದಿ ಹೇಳಬೇಕು. ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಸಂಗತಿ. ಕೃತಜ್ಞತೆಯ ಪತ್ರ ಬರೆಯುವವರು ತಮ್ಮ ಭಾಷೆ ಸಾಲದು, ಓದುವವರಿಗೆ ಮುಜುಗರವಾದೀತು ಎಂದು ಅಂಜುತ್ತಾರೆ. ಪಡೆದವರನ್ನು ಕೇಳಿದರೆ, ಅವರಿಗಾದ ಸಂತೋಷ ಬರೆದವರ ಅಂದಾಜಿಗಿಂತ ಹೆಚ್ಚು, ಮುಜುಗರ ಕಡಿಮೆ. ಬರೆಯುವವರು ಪದಗಳನ್ನು ತೂಗುತ್ತಿದ್ದರೆ ಓದುವವರು ಹುಡುಕುತ್ತಿದ್ದದ್ದು ಬೆಚ್ಚಗಿನ ಮನಸ್ಸನ್ನು. ಎಷ್ಟೋ ಕಾಗದಗಳು ಬರೆಯಲ್ಪಡದೆ ಉಳಿಯಲು ಈ ತಪ್ಪು ಲೆಕ್ಕವೇ ಕಾರಣವಿರಬೇಕು.

ಕಾಗದ ಕೊಲ್ಲಲೂ ಬಲ್ಲದು ಎಂಬುದನ್ನು ಒಪ್ಪದಿದ್ದರೆ ವಾದ ಅರ್ಧವಾಗುತ್ತದೆ. ಕಚೇರಿಗಳಿಗೆ ಬರುವ ಮೂಗರ್ಜಿ, ಮದುವೆ ಮುರಿಯಲು ಬೀಗರ ಮನೆಗೆ ಹೋಗುವ ಹೆಸರಿಲ್ಲದ ಪತ್ರ, ವರದಕ್ಷಿಣೆಯ ಬಾಕಿ ನೆನಪಿಸುವ ವಿನಯದ ಕಾಗದ, ಇವೆಲ್ಲ ಅಂಚೆಯಲ್ಲೇ ಬಂದವು. ನೇರವಾಗಿ ಹೇಳಲಾಗದ ವಿಷವನ್ನು ಬರೆದು ಕಳಿಸುವ ಧೈರ್ಯ ದೂರದಿಂದಲೇ ಹುಟ್ಟುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಕ್ಷಮೆ ಕೇಳುವ ಪತ್ರ. ನಾನು ಹೀಗೆ ಮಾಡಿದೆ, ಅದು ತಪ್ಪು, ಅದರಿಂದ ನಿನಗೆ ಇಂಥ ನಷ್ಟವಾಯಿತು ಎಂದು ನಿಲ್ಲಿಸುವ ಪತ್ರ ಒಂದು ಬಗೆ. ದಯವಿಟ್ಟು ಕ್ಷಮಿಸಿಬಿಡು, ನನಗೆ ನಿದ್ದೆ ಬರುತ್ತಿಲ್ಲ ಎಂದು ಮುಂದುವರಿಯುವುದು ಇನ್ನೊಂದು ಬಗೆ. ಎರಡನೆಯದು ನೊಂದವರ ಕೈಗೆ ಹೊಸ ಕೆಲಸ ಕೊಡುತ್ತದೆ: ತಪ್ಪು ಮಾಡಿದವರನ್ನು ಸಮಾಧಾನಪಡಿಸುವುದು. ಮೇಲ್ನೋಟಕ್ಕೆ ಎರಡರಲ್ಲೂ ಪಶ್ಚಾತ್ತಾಪವಿದೆ. ಹಂಗು ಇರುವುದು ಒಂದರಲ್ಲಿ ಮಾತ್ರ. ಮನಸ್ಸಿನ ಬೇಗುದಿ ಕಡಿಮೆ ಮಾಡಿಕೊಳ್ಳಲು ಬರೆದ ಕಾಗದವನ್ನು ಅಂಚೆಗೆ ಹಾಕದಿರುವುದೇ ಎಷ್ಟೋ ಸಲ ಸರಿ. ಪೆನ್ನಿಬೇಕರ್ ಅವರ ವಿದ್ಯಾರ್ಥಿಗಳು ಬರೆದದ್ದನ್ನು ಯಾರಿಗೂ ಕಳಿಸಲಿಲ್ಲ. ಬರೆಯುವವರ ಗುಣವಾಗುವಿಕೆಗೆ ಓದುಗ ಬೇಕಿಲ್ಲ, ಓದುವವರ ಗುಣವಾಗುವಿಕೆಗೆ ಮಾತ್ರ ಬರೆದವರು ಬೇಕು. ಈ ಎರಡನ್ನು ಬೆರೆಸಿದಾಗಲೇ ಕಾಗದ ಭಾರವಾಗುವುದು.

ಕಾಗದ ಎಂಬುದೇ ಅಕ್ಷರಸ್ಥರ ಐಷಾರಾಮ, ಅದನ್ನು ಎಲ್ಲರ ಮದ್ದು ಎಂದು ಹೇಗೆ ಹೇಳುತ್ತೀರಿ ಎಂದು ಕೇಳುವವರಿದ್ದಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36, ಹೆಂಗಸರಲ್ಲಿ ಶೇ 68.08, ಓದಲು ಬಾರದವರು ಸಣ್ಣ ಸಂಖ್ಯೆಯೇನಲ್ಲ. ಆದರೆ ಓದು ಬಾರದವರು ಕಾಗದದ ಹೊರಗಿದ್ದರು ಎಂಬುದು ಇತಿಹಾಸಕ್ಕೆ ಒಪ್ಪುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳಲ್ಲಿ ಬಹುಪಾಲು ಜನಕ್ಕೆ ಬರೆಯಲು ಬರುತ್ತಿರಲಿಲ್ಲ. ಆದರೂ 1915ರ ಆರಂಭದ ಹೊತ್ತಿಗೆ ಅಲ್ಲಿಂದ ವಾರಕ್ಕೆ 10ರಿಂದ 20 ಸಾವಿರ ಕಾಗದಗಳು ಊರ ಕಡೆಗೆ ಹೊರಡುತ್ತಿದ್ದವು. ಜೊತೆಯ ಸಿಪಾಯಿಯೊಬ್ಬ ಬರೆದುಕೊಡುತ್ತಿದ್ದ. ಹಳ್ಳಿಯಲ್ಲಿ ಇನ್ನೊಬ್ಬ ಹತ್ತು ಜನರ ನಡುವೆ ಕೂತು ಓದಿ ಹೇಳುತ್ತಿದ್ದ. ಬ್ರಿಟಿಷ್ ಸೆನ್ಸಾರ್ ಅಧಿಕಾರಿಗಳು ಆ ಕಾಗದಗಳ ಭಾಗಗಳನ್ನು ಅನುವಾದಿಸಿ ದಾಖಲಿಸಿದ್ದರಿಂದಲೇ ಇವತ್ತಿನ ಇತಿಹಾಸಕಾರರಿಗೆ ಅವು ಸಿಕ್ಕಿವೆ. ಕದ್ದು ಓದಿದವರ ಕೈಯಿಂದ ಉಳಿದದ್ದು, ಅದೊಂದು ವಿಚಿತ್ರ ಉಪಕಾರ. ನಮ್ಮ ಹಳ್ಳಿಗಳಲ್ಲೂ ಅಂಚೆಯವರೋ ಶಾಲೆಯ ಮೇಷ್ಟರೋ ಜಗುಲಿಯಲ್ಲಿ ಕೂತು ಕಾಗದ ಓದಿ, ಮರುತ್ತರ ಬರೆದುಕೊಡುತ್ತಿದ್ದ ಕಾಲ ತೀರಾ ಹಳೆಯದಲ್ಲ. ಉಭಯ ಕುಶಲೋಪರಿ ಎಂಬ ಸಿದ್ಧ ಸಾಲುಗಳೇ ಕಾಗದದ ಮುಕ್ಕಾಲು ಭಾಗ ತುಂಬಿರುತ್ತಿದ್ದರೂ ಅದನ್ನು ಮಡಿಚಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಎರಡು ವಾಕ್ಯದ ಟೈಪು ಕಾಗದ ಹೇಗೆ ಕೆಲಸ ಮಾಡಿತು ಎಂದು ಅಚ್ಚರಿಪಡುವವರು ಇದನ್ನು ನೆನೆಯಬೇಕು.

ಆದರೆ ಇದೇ ಜಗುಲಿ ಓದಿನಲ್ಲಿ ಒಂದು ತೊಡಕೂ ಇದೆ. ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಕಥೆಗಳಲ್ಲಿ ತಾನಪ್ಪ ಎಂಬ ಅಂಚೆಯವನೊಬ್ಬ ಬರುತ್ತಾನೆ. ಮನೆಮನೆಯ ಸುದ್ದಿ ಅವನಿಗೆ ಗೊತ್ತು. ಮದುವೆಯ ಮನೆಗೆ ಬಂದ ಸಾವಿನ ಸುದ್ದಿಯನ್ನು ಅವನು ಮದುವೆ ಮುಗಿಯುವವರೆಗೆ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಕಥೆಯಲ್ಲಿ ಅದು ಕರುಣೆ. ಆದರೆ ಮನೋರೋಗ ವಿಭಾಗದಿಂದ ಹೊರಟ ತೆರೆದ ಕಾರ್ಡೊಂದು ನಮ್ಮ ಊರಿಗೆ ಬಂದರೆ ಅದನ್ನು ಓದುವವರು ತಾನಪ್ಪನಷ್ಟು ಒಳ್ಳೆಯವರೇ ಆಗಿರುತ್ತಾರೆ ಎಂಬ ಭರವಸೆಯಿಲ್ಲ. ಮಗಳ ಹೆಸರಿಗೆ ಅಂಥ ಕಾಗದ ಬಂತೆಂದು ಬೀದಿಗೆ ಗೊತ್ತಾದರೆ ಕಾಗದ ಮಾಡುವ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಹೇಳುತ್ತದೆ. ನ್ಯೂಕ್ಯಾಸಲ್‌ನವರು ಕಾರ್ಡುಗಳನ್ನು ಲಕೋಟೆಗೆ ಹಾಕಿದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ಲಕೋಟೆಯ ಮೇಲೆ ಆಸ್ಪತ್ರೆಯ ಹೆಸರೂ ಇರಬಾರದು. ಬಿಡುಗಡೆಯ ದಿನವೇ ರೋಗಿಯನ್ನು ಕೇಳಬೇಕು: ನಿಮಗೆ ಆಗಾಗ ಬರೆಯಬಹುದೇ, ಯಾವ ವಿಳಾಸಕ್ಕೆ, ಯಾರ ಹೆಸರಿನಲ್ಲಿ ಬಂದರೆ ತೊಂದರೆಯಿಲ್ಲ? ಓದಲು ಬಾರದವರಾದರೆ ಯಾರು ಓದಿ ಹೇಳಬೇಕು ಎಂಬುದನ್ನೂ ಅವರೇ ಆರಿಸಲಿ. ಕೆಲಸ ಹುಡುಕಿ ಊರೂರು ಅಲೆಯುವವರಿಗೆ ಸ್ಥಿರ ವಿಳಾಸವೇ ಇರುವುದಿಲ್ಲ. ಅವರ ಮಟ್ಟಿಗೆ ಕಾಗದ ಸೋತಂತೆ, ಫೋನೇ ಗತಿ.

ಇದನ್ನೆಲ್ಲ ಕರ್ನಾಟಕದಲ್ಲಿ ಯಾಕೆ ಮಾಡಿ ನೋಡಬೇಕು ಎಂದರೆ ಕಾರಣಗಳಿವೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಚಿಕಿತ್ಸೆ ಬೇಕಿದ್ದೂ ಸಿಗದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92. ಈಗ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಉಚಿತವಾಗಿ, ಯಾವ ಹೊತ್ತಿನಲ್ಲಾದರೂ. ಅದು ದೊಡ್ಡ ಸೌಲಭ್ಯ. ಆದರೆ ಸಹಾಯವಾಣಿ ಕರೆ ಮಾಡಿದವರಿಗೆ ಸಿಗುತ್ತದೆ. ಕರೆ ಮಾಡದವರನ್ನು ಹುಡುಕಿಕೊಂಡು ಹೋಗುವ ಏರ್ಪಾಡು ಬೇರೆಯೇ ಬೇಕು. ಇಂಥ ಹೊಸ ಏರ್ಪಾಡಿಗೆ ನಮ್ಮಲ್ಲಿ ಮೇಲ್ಪಂಕ್ತಿ ಇಲ್ಲದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಕೊಟ್ಟು ನೋಡಿತು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಟ್ಟಿದ್ದು. ಒಂದು ಜಿಲ್ಲೆಯಲ್ಲಿ ಪರೀಕ್ಷಿಸಿ, ಅಳೆದು, ಆಮೇಲೆ ಹರಡುವ ಆ ಕ್ರಮವೇ ಕಾಗದಕ್ಕೂ ಸಾಕು. ಮೊಟ್ಟೊ ಅವರ ಲೆಕ್ಕದಂತೆ ಒಬ್ಬರಿಗೆ ಐದು ವರ್ಷಕ್ಕೆ 24 ಕಾಗದ. ಲಕೋಟೆಯೊಂದಕ್ಕೆ ಅಂಚೆ ವೆಚ್ಚ ಐದು ರೂಪಾಯಿ ಎಂದಿಟ್ಟುಕೊಂಡರೆ 120 ರೂಪಾಯಿ.

ಹಣಕ್ಕಿಂತ ಕಷ್ಟದ ಪ್ರಶ್ನೆ ಸಹಿಯದ್ದು. ಸರ್ಕಾರಿ ಕಾರ್ಯಕ್ರಮವಾದ ಕೂಡಲೇ ಕಾಗದ ಸುತ್ತೋಲೆಯಾಗುತ್ತದೆ: ಮೇಲೆ ಲಾಂಛನ, ಕೆಳಗೆ ರಬ್ಬರ್ ಮೊಹರು, ನಡುವೆ ಮಂತ್ರಿಗಳ ಸಂದೇಶ. ಅಂಥದನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಮೊಟ್ಟೊ ಪ್ರಯೋಗದಲ್ಲಿ ಬರೆದದ್ದು ರೋಗಿ ಮುಖ ನೋಡಿದ್ದ ಮನುಷ್ಯರು. ಪ್ರತಿ ಸಲ ಮಾತನ್ನು ಸ್ವಲ್ಪ ಬದಲಿಸುತ್ತಿದ್ದರು, ಉತ್ತರ ಬಂದಿದ್ದರೆ ಅದರ ಪ್ರಸ್ತಾಪ ಮಾಡುತ್ತಿದ್ದರು. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಆಪ್ತಸಮಾಲೋಚಕರೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೂ ಎಷ್ಟೋ ಕಡೆ ಗುತ್ತಿಗೆಯ ಮೇಲಿದ್ದಾರೆ, ಕಾಯಂ ಇದ್ದವರಿಗೆ ವರ್ಗಾವಣೆ ತಪ್ಪದು. ಮೂರನೇ ಕಾಗದಕ್ಕೆ ಒಬ್ಬರ ಸಹಿ, ಆರನೆಯದಕ್ಕೆ ಗುರುತಿಲ್ಲದ ಇನ್ನೊಬ್ಬರ ಸಹಿ ಬಿದ್ದರೆ ಓದುವವರಿಗೆ ಅದು ಕಚೇರಿಯ ಪತ್ರವೆಂದು ಆ ಕ್ಷಣವೇ ಗೊತ್ತಾಗುತ್ತದೆ. ಬೇರೆ ಊರಿಗೆ ಹೋದವರೂ ತಾವು ಶುರು ಮಾಡಿದ ಕಾಗದಗಳನ್ನು ಅಲ್ಲಿಂದಲೇ ಬರೆದು ಮುಗಿಸಲಿ, ಅಂಚೆ ವೆಚ್ಚವನ್ನು ಹಳೆಯ ಆಸ್ಪತ್ರೆ ಭರಿಸಲಿ ಎಂದು ವರ್ಗಾವಣೆಯ ಆದೇಶದಲ್ಲೇ ಒಂದು ಸಾಲು ಸೇರಿಸಬಹುದು. ಅದಕ್ಕೆ ಹೊಸ ಹುದ್ದೆ ಮಂಜೂರಾಗಬೇಕಿಲ್ಲ, ಆರೋಗ್ಯ ಇಲಾಖೆಯ ಆಯುಕ್ತರ ಒಂದು ಸಹಿ ಸಾಕು.